ಕಡ್ಡಿಕಟ್ಟು, ಗುಂಟೆ, ಪಂಕ್ಚರ್ ಅಂಗಡಿ: ಪ್ರಾಥಮಿಕ ಶಾಲೆಯ ಕಲಿಕೆಯಲ್ಲಿ ಊರಿನ ಪಾಲು

42ರಲ್ಲಿ 17ನ್ನು ಕಳೆಯುವ ಲೆಕ್ಕವನ್ನು ಎರಡನೆಯ ತರಗತಿಯ ಮಗು ಎರಡು ಬಗೆಯಲ್ಲಿ ಕಲಿಯಬಹುದು. ಎರಡರಲ್ಲಿ ಏಳು ಹೋಗುವುದಿಲ್ಲ, ಆದ್ದರಿಂದ ಪಕ್ಕದ ಮನೆಯಿಂದ ಒಂದು ದಶಕವನ್ನು ಸಾಲ ತರಬೇಕು ಎಂಬ ಸೂತ್ರವನ್ನು ಬಾಯಿಪಾಠ ಮಾಡಿಕೊಂಡು ಕಪ್ಪು ಹಲಗೆಯ ಮೇಲಿನ ಅಂಕಿಗಳನ್ನು ಹೊಡೆದು ತಿದ್ದುವುದು ಒಂದು ಬಗೆ. ಹತ್ತು ಹತ್ತು ಕಡ್ಡಿಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿದ ನಾಲ್ಕು ಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ಮುಂದಿಟ್ಟುಕೊಂಡು, ಬಿಡಿಯಾಗಿ ಏಳು ಕಡ್ಡಿಗಳನ್ನು ತೆಗೆಯಲು ಹೊರಟಾಗ ಎರಡೇ ಇರುವುದನ್ನು ಕಂಡು, ಒಂದು ಕಟ್ಟನ್ನು ತಾನೇ ಬಿಚ್ಚಿ, ಕೈಗೆ ಸಿಕ್ಕ ಹನ್ನೆರಡು ಬಿಡಿ ಕಡ್ಡಿಗಳಲ್ಲಿ ಏಳನ್ನು ಬದಿಗಿಡುವುದು ಇನ್ನೊಂದು ಬಗೆ. ಉತ್ತರ ಎರಡರಲ್ಲಿಯೂ 25 ಆದರೂ, ಕಟ್ಟು ಬಿಚ್ಚಿದ ಮಗುವಿಗೆ ಸಾಲವೆಂದು ಕರೆಯಲಾಗುವ ಆ ಹತ್ತು ಎಲ್ಲಿಂದ ಬಂತು, ನಾಲ್ಕು ಏಕೆ ಮೂರಾಯಿತು ಎಂಬುದು ತನ್ನ ಕೈಯಿಂದಲೇ ತಿಳಿದಿರುತ್ತದೆ.

ಈ ಎರಡನೆಯ ಬಗೆಯನ್ನು ಶಿಕ್ಷಣದ ಪರಿಭಾಷೆಯಲ್ಲಿ ಚಟುವಟಿಕೆ ಆಧಾರಿತ ಕಲಿಕೆಯೆಂದೂ ಶಿಕ್ಷಕರ ಆಡುಮಾತಿನಲ್ಲಿ ‘ಮಾಡಿ ಕಲಿ’ ಎಂದೂ ಕರೆಯಲಾಗುತ್ತದೆ. ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1896ರಲ್ಲಿ ಷಿಕಾಗೋದಲ್ಲಿ ಆರಂಭಿಸಿದ ಪ್ರಯೋಗಶಾಲೆಯಲ್ಲಿ ಅಡುಗೆ, ಮರಗೆಲಸ, ನೇಯ್ಗೆಗಳೇ ಪಾಠದ ಕೇಂದ್ರವಾಗಿದ್ದವು. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ, ಮುಂದೆ ‘ನಯೀ ತಾಲೀಮ್’ ಎಂದು ಹೆಸರಾದ ಯೋಜನೆಯೂ ಕೈಕಸುಬಿನ ಸುತ್ತ ಉಳಿದೆಲ್ಲ ವಿಷಯಗಳನ್ನು ಹೆಣೆಯಬೇಕೆಂದು ಹೇಳಿತು. ಮಗು ಮೊದಲು ವಸ್ತುವನ್ನು ಮುಟ್ಟಿ, ಆಮೇಲೆ ಅದರ ಚಿತ್ರವನ್ನು ಕಂಡು, ಕೊನೆಗೆ ಅಂಕಿ ಅಕ್ಷರಗಳ ಸಂಕೇತಕ್ಕೆ ಬರಬೇಕೆಂಬ ಕ್ರಮವನ್ನು ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ ವಿವರಿಸಿದ್ದಾರೆ. ತತ್ತ್ವದ ಮಟ್ಟದಲ್ಲಿ ಇದರ ಬಗ್ಗೆ ಇಂದು ಹೆಚ್ಚಿನ ತಕರಾರಿಲ್ಲ. ಮಗು ಮುಟ್ಟಬೇಕಾದ ವಸ್ತು ಎಲ್ಲಿಂದ ಬರಬೇಕು, ಅದನ್ನು ಬಲ್ಲವರು ಯಾರು, ಒಬ್ಬರೋ ಇಬ್ಬರೋ ಶಿಕ್ಷಕರಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇದೆಲ್ಲ ನಡೆಯುವುದು ಹೇಗೆ ಎಂಬಲ್ಲಿಗೆ ಬಂದಾಗ ಮಾತು ಊರಿನ ಕಡೆಗೆ ತಿರುಗುತ್ತದೆ.

ಶಾಲೆಗೂ ಊರಿಗೂ ಇರುವ ಈ ಕೊಡುಕೊಳ್ಳುವಿಕೆಯನ್ನು ಸರ್ಕಾರಿ ಕಾಗದಪತ್ರಗಳು ‘ಸಮುದಾಯ ಸಹಭಾಗಿತ್ವ’ ಎನ್ನುತ್ತವೆ. ಕರ್ನಾಟಕದ ಹಳ್ಳಿಗಳಿಗೆ ಇದರ ಒಂದು ಮುಖ ಬಹಳ ಪರಿಚಿತ. ಶಾಲೆಗೆ ಜಾಗ ಬಿಟ್ಟುಕೊಟ್ಟವರ ಹೆಸರು ಗೋಡೆಯ ಕಲ್ಲಿನಲ್ಲಿಯೂ, ಗಡಿಯಾರ ಕೊಟ್ಟವರ ಹೆಸರು ಅದರ ಗಾಜಿನ ಕೆಳಗೂ, ಫ್ಯಾನ್ ಕೊಡಿಸಿದ ಹಳೆಯ ವಿದ್ಯಾರ್ಥಿಗಳ ಹೆಸರು ಅದರ ರೆಕ್ಕೆಗಳ ಮೇಲೂ ಬರೆದಿರುತ್ತದೆ. ಈ ಔದಾರ್ಯ ನಿಜವಾದದ್ದು. ಅನೇಕ ಶಾಲೆಗಳು ಕಟ್ಟಡವಾಗಿ ನಿಂತಿರುವುದೇ ಅದರಿಂದ. ಆದರೆ ಫ್ಯಾನ್ ಕೊಡಿಸಿದ ವ್ಯಕ್ತಿ ಮೋಟಾರು ಸುತ್ತುವ ಕೆಲಸದಲ್ಲಿ ಪಳಗಿದವನಾಗಿದ್ದರೂ, ತಾಮ್ರದ ತಂತಿ ಸುರುಳಿಯಾಗಿ ವಿದ್ಯುತ್ ಹರಿದಾಗ ರೆಕ್ಕೆ ತಿರುಗುವುದು ಹೇಗೆಂದು ಮಕ್ಕಳಿಗೆ ತೋರಿಸಲು ಅವನನ್ನು ಕರೆದ ಶಾಲೆಗಳು ವಿರಳ. ಊರಿನ ಹಣವನ್ನೂ ಶ್ರಮವನ್ನೂ ಕೇಳಲು ಶಾಲೆ ಕಲಿತಿದೆ, ಊರಿನ ತಿಳಿವಳಿಕೆಯನ್ನು ಕೇಳಲು ಇನ್ನೂ ಕಲಿಯಬೇಕಾಗಿದೆ. ಮಾಡಿ ಕಲಿಯುವ ಪದ್ಧತಿ ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಬೇರು ಬಿಡದಿರುವುದಕ್ಕೆ ಸಲಕರಣೆಗಳ ಕೊರತೆಗಿಂತಲೂ ಇದು ದೊಡ್ಡ ಕಾರಣ.

ಕೇಳುವುದಕ್ಕೆ ಬೇಕಾದ ವ್ಯವಸ್ಥೆಯಾದರೋ ಕಾಗದದ ಮೇಲೆ ಸಾಕಷ್ಟು ಗಟ್ಟಿಯಾಗಿಯೇ ಇದೆ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಬೆನ್ನಲ್ಲೇ 2001ರಲ್ಲಿ ಕರ್ನಾಟಕ ಸರ್ಕಾರ ಪ್ರತಿ ಸರ್ಕಾರಿ ಪ್ರಾಥಮಿಕ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು, ಅಂದರೆ ಜನರ ಬಾಯಲ್ಲಿ ಎಸ್‌ಡಿಎಂಸಿ ಎನ್ನಿಸಿಕೊಂಡಿರುವ ಸಮಿತಿಯನ್ನು, ರಚಿಸುವ ಆದೇಶ ಹೊರಡಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಕಲಮು ಇಂಥ ಸಮಿತಿಗಳಿಗೆ ದೇಶದಾದ್ಯಂತ ಕಾನೂನಿನ ಬಲ ಕೊಟ್ಟು, ಸದಸ್ಯರಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆತಾಯಿ ಅಥವಾ ಪೋಷಕರೇ ಇರಬೇಕೆಂದೂ ಅರ್ಧದಷ್ಟು ಮಹಿಳೆಯರಿರಬೇಕೆಂದೂ ವಿಧಿಸಿತು. ಕಟ್ಟಡ, ಕಾಂಪೌಂಡು, ಶೌಚಾಲಯ, ಬಿಸಿಯೂಟಗಳ ವಿಷಯದಲ್ಲಿ ಈ ಸಮಿತಿಗಳು ದುಡಿದಿರುವುದು ನಿಜವಾದರೂ, ತರಗತಿಯ ಒಳಗೆ ಏನು ನಡೆಯುತ್ತದೆ ಎಂಬ ವಿಷಯ ಅವುಗಳ ಸಭೆಯ ನಡವಳಿಯಲ್ಲಿ ಕಾಣಿಸುವುದು ಅಪರೂಪ. ಪಾಠ ಮೇಷ್ಟ್ರಿಗೆ ಬಿಟ್ಟದ್ದು ಎಂಬ ಗೌರವವೂ, ತಾವು ಓದಿದವರಲ್ಲ ಎಂಬ ಹಿಂಜರಿಕೆಯೂ ಅಲ್ಲಿ ಕೂಡಿಕೊಂಡಿರುತ್ತವೆ.

ತರಗತಿಯೊಳಗಿನ ಬದಲಾವಣೆಗೆ ಕರ್ನಾಟಕದ್ದೇ ಆದ ಉದಾಹರಣೆ ನಲಿ-ಕಲಿ. ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದ ಕಾರ್ಡುಗಳ ಪದ್ಧತಿಯನ್ನು ಕಂಡುಬಂದ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದನ್ನು ಆರಂಭಿಸಿದರು. ಪಠ್ಯಪುಸ್ತಕದ ಬದಲು ಚಿಕ್ಕ ಚಿಕ್ಕ ಕಾರ್ಡುಗಳು, ಅವನ್ನು ಕ್ರಮವಾಗಿ ಜೋಡಿಸಿದ ಕಲಿಕಾ ಏಣಿ, ಏಣಿಯ ಒಂದೊಂದು ಘಟ್ಟಕ್ಕೆ ಮೈಲಿಗಲ್ಲು ಎಂಬ ಹೆಸರು, ತರಗತಿಯ ತಲೆಯ ಮೇಲೆ ಮಕ್ಕಳ ಚಿತ್ರಗಳನ್ನು ತೂಗುಹಾಕುವ ಚಪ್ಪರ, ಗೋಡೆಯ ಬುಡದಲ್ಲಿ ಮಗುವಿನ ಎತ್ತರಕ್ಕೆ ಬಳಿದ ಕಪ್ಪು ಹಲಗೆ ಇವೆಲ್ಲ ಸೇರಿ ಒಂದನೆಯ ತರಗತಿಯ ಕೋಣೆಯ ರೂಪವನ್ನೇ ಬದಲಾಯಿಸಿದವು. 2009-10ರ ಸುಮಾರಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಹರಡಿದಾಗ ಒಂದು ನಷ್ಟವೂ ಆಯಿತೆನ್ನಬೇಕು. ಒಂದು ತಾಲ್ಲೂಕಿನ ಶಿಕ್ಷಕರು ತಮ್ಮ ಮಕ್ಕಳನ್ನು ಮುಂದಿಟ್ಟುಕೊಂಡು ರೂಪಿಸಿದ ಕಾರ್ಡುಗಳು ರಾಜ್ಯಕ್ಕೆಲ್ಲ ಒಂದೇ ಅಚ್ಚಿನಲ್ಲಿ ಬಂದಾಗ, ಬೀದರಿನ ಮಗುವಿಗೂ ಭಟ್ಕಳದ ಮಗುವಿಗೂ ಒಂದೇ ಚಿತ್ರ, ಒಂದೇ ಪದ ಸಿಗುವಂತಾಯಿತು. ಆ ಅಂತರವನ್ನು ತುಂಬಬಲ್ಲದ್ದು ಆಯಾ ಊರು ಮಾತ್ರ.

ಊರು ತಾನಾಗಿಯೇ ಶಾಲೆಯೊಳಕ್ಕೆ ಬರುವ ಸಂದರ್ಭವೊಂದು ಈಗಾಗಲೇ ರೂಢಿಯಲ್ಲಿದೆ. ಮಕ್ಕಳ ಸಂತೆ ಅಥವಾ ಮೆಟ್ರಿಕ್ ಮೇಳ ಎಂದು ಕರೆಯಲಾಗುವ ಅದರಲ್ಲಿ ಮಕ್ಕಳು ಮನೆಯ ಹಿತ್ತಲಿನ ಸೊಪ್ಪು, ನಿಂಬೆಹಣ್ಣು, ಕಡಲೆಕಾಯಿ, ತಾಯಂದಿರು ಮಾಡಿಕೊಟ್ಟ ಚಕ್ಕುಲಿ, ಮಂಡಕ್ಕಿಗಳನ್ನು ಶಾಲೆಯ ಅಂಗಳದಲ್ಲಿ ಗೋಣಿತಾಟಿನ ಮೇಲೆ ಹರಡಿಕೊಂಡು ಕೂರುತ್ತಾರೆ, ಊರಿನವರು ಚೀಲ ಹಿಡಿದು ಕೊಳ್ಳಲು ಬರುತ್ತಾರೆ. ಕಟ್ಟು ಐದು ರೂಪಾಯಿಯ ಮೆಂತ್ಯ ಸೊಪ್ಪನ್ನು ಮೂರು ಕಟ್ಟು ಕೊಂಡವರು ಐವತ್ತರ ನೋಟು ಕೊಟ್ಟಾಗ, ನಾಲ್ಕನೆಯ ತರಗತಿಯ ಹುಡುಗಿ ಹದಿನೈದರಿಂದ ಆರಂಭಿಸಿ ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು ಎಂದು ಎಣಿಸುತ್ತ ಚಿಲ್ಲರೆ ಇಡುವುದನ್ನು ಗಮನಿಸಬೇಕು. ಅವಳು ಕಳೆಯುತ್ತಿಲ್ಲ, ಕೂಡುತ್ತ ಮೇಲಕ್ಕೇರುತ್ತಿದ್ದಾಳೆ. ಇದು ಸಂತೆಯ ವ್ಯಾಪಾರಿಗಳ ವಿಧಾನ, ಪಠ್ಯಪುಸ್ತಕದ್ದಲ್ಲ. ಪಾಠದ ಕಳೆಯುವ ಲೆಕ್ಕಕ್ಕೂ ಈ ಎಣಿಕೆಗೂ ಇರುವ ಸಂಬಂಧವನ್ನು ಮರುದಿನ ತರಗತಿಯಲ್ಲಿ ಎತ್ತಿ ತೋರಿಸುವ ಶಿಕ್ಷಕಿ ಇದ್ದರೆ ಸಂತೆ ಪಾಠವಾಗುತ್ತದೆ. ಇಲ್ಲದಿದ್ದರೆ ಅದು ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವಲ್ಲಿಗೆ ಮುಗಿಯುತ್ತದೆ.

ಅಳತೆಯ ಪಾಠಕ್ಕೂ ಊರಿನಲ್ಲಿ ಗುರುಗಳಿದ್ದಾರೆ. ಮೀಟರು ಸೆಂಟಿಮೀಟರುಗಳನ್ನು ಕಲಿಯುವ ಮಗುವಿನ ಮನೆಯಲ್ಲಿ ಜಮೀನಿನ ಮಾತು ನಡೆಯುವುದು ಎಕರೆ ಗುಂಟೆಗಳಲ್ಲಿ. 33 ಅಡಿ ಉದ್ದ, 33 ಅಡಿ ಅಗಲದ ಜಾಗ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಭೂಮಾಪಕರನ್ನೋ ಸರಪಳಿ ಹಿಡಿದು ಬಲ್ಲ ಹಿರಿಯ ರೈತರನ್ನೋ ಕರೆದು, ಆಟದ ಬಯಲಿನಲ್ಲಿ ಹಗ್ಗ ಎಳೆದು ನಾಲ್ಕು ಗೂಟ ನೆಟ್ಟು ಒಂದು ಗುಂಟೆಯನ್ನು ಗುರುತಿಸಿದರೆ, ಅದರೊಳಗೆ ಇಡೀ ತರಗತಿ ನಿಂತು ನೋಡಬಹುದು, ಮೂಲೆ ಲಂಬವಾಗಿದೆಯೇ ಎಂದು ಪರೀಕ್ಷಿಸಬಹುದು, ವಿಸ್ತೀರ್ಣವೆಂಬುದು ಉದ್ದ ಅಗಲಗಳ ಗುಣಾಕಾರ ಏಕೆ ಎಂಬುದನ್ನು ಸುಣ್ಣದ ಗೆರೆ ಹಾಕಿ ಚೌಕ ಮಾಡಿ ಎಣಿಸಿ ತಿಳಿಯಬಹುದು. ಇಲ್ಲಿ ಒಂದು ಎಚ್ಚರ ಅಗತ್ಯ. ಮನೆಯಿಂದ ಪಹಣಿ ತಂದು ಲೆಕ್ಕ ಮಾಡಿ ಎಂದು ಹೇಳಿದರೆ ಜಮೀನಿಲ್ಲದ ಕೂಲಿಕಾರರ ಮಕ್ಕಳು ತಲೆ ತಗ್ಗಿಸಬೇಕಾಗುತ್ತದೆ. ಆದ್ದರಿಂದ ಅಳೆಯಬೇಕಾದದ್ದು ಎಲ್ಲರಿಗೂ ಸೇರಿದ ಶಾಲೆಯ ಬಯಲನ್ನೇ.

ಕಸುಬುಗಳ ವಿಷಯದಲ್ಲಿ ಶಾಲೆಗಳಿಗೆ ಹಳೆಯದರ ಕಡೆಗೇ ಒಲವು ಹೆಚ್ಚು. ಮರದ ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ ತೊಡಿಸಿ ನೀರು ಸುರಿದು ಬಿಗಿಸುವ ಕೆಲಸ, ಲೋಹವು ಕಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ ಎಂಬ ಪಾಠಕ್ಕೆ ಮಿಗಿಲಿಲ್ಲದ ಪ್ರಯೋಗವೆಂಬುದು ಸರಿ. ಮಗ್ಗದ ಮುಂದೆ ಕುಳಿತು ಉದ್ದೆಳೆ ಹಾಸು, ಅಡ್ಡೆಳೆ ಹೊಕ್ಕು ಎಂದು ತಿಳಿದ ಮಗುವಿಗೆ ‘ಹಾಸುಹೊಕ್ಕು’ ಎಂಬ ಮಾತು ಕನ್ನಡಕ್ಕೆ ಎಲ್ಲಿಂದ ಬಂತೆಂಬುದೂ ತಿಳಿಯುತ್ತದೆ. ಚನ್ನಪಟ್ಟಣದಲ್ಲಿ ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಬಣ್ಣವಾಗಿ ಹತ್ತಿಕೊಳ್ಳುವುದನ್ನು ಕಂಡವರಿಗೆ ಘರ್ಷಣೆಯಿಂದ ಶಾಖ ಹುಟ್ಟುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಗಾಡಿಗಳಿಗೆ ರಬ್ಬರ್ ಟಯರು ಬಂದಿವೆ, ಬಹುತೇಕ ಹಳ್ಳಿಗಳಲ್ಲಿ ಕುಲುಮೆ ಆರಿದೆ. ಇಂದಿನ ಊರಿನ ಕಸುಬುದಾರರು ವೆಲ್ಡಿಂಗ್ ಮಾಡುವವರು, ಬೋರ್‌ವೆಲ್ ಮೋಟಾರು ದುರಸ್ತಿಯವರು, ಗ್ಯಾರೇಜಿನವರು, ಮೊಬೈಲ್ ರಿಪೇರಿಯವರು.

ಅವರಲ್ಲಿ ಪಂಕ್ಚರ್ ಅಂಗಡಿಯೊಂದನ್ನೇ ತೆಗೆದುಕೊಂಡರೆ ಐದನೆಯ ತರಗತಿಗೆ ಬೇಕಾದ ವಿಜ್ಞಾನ ಎಷ್ಟಿದೆಯೆಂಬುದು ಕಾಣುತ್ತದೆ. ಕಣ್ಣಿಗೆ ಕಾಣದ ತೂತನ್ನು ಹುಡುಕಲು ಟ್ಯೂಬಿಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನಿಧಾನವಾಗಿ ತಿರುಗಿಸುತ್ತ ಹೋದಾಗ, ಒಂದು ಕಡೆಯಿಂದ ಗುಳ್ಳೆಗಳ ಸಾಲು ಏಳುತ್ತದೆ. ಗಾಳಿಯು ಜಾಗವನ್ನು ಆಕ್ರಮಿಸುತ್ತದೆ, ಒತ್ತಡ ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ ಹೋಗುತ್ತದೆ, ನೀರಿಗಿಂತ ಹಗುರವಾದ್ದರಿಂದ ಮೇಲಕ್ಕೇ ಏರುತ್ತದೆ ಎಂಬ ಮೂರು ಪಾಠಗಳು ಆ ಗುಳ್ಳೆಯಲ್ಲಿವೆ. ತೂತಿನ ಸುತ್ತ ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡುವುದೇಕೆ, ಸಲ್ಯೂಷನ್ ಹಚ್ಚಿದ ಕೂಡಲೇ ತೇಪೆ ಅಂಟಿಸದೆ ಸ್ವಲ್ಪ ಆರಲು ಬಿಡುವುದೇಕೆ, ಟ್ಯೂಬಿನ ಮೂತಿಯಿಂದ ಗಾಳಿ ಒಳಗೆ ಹೋದರೂ ಹೊರಗೆ ಬಾರದಂತೆ ತಡೆಯುವುದು ಯಾವುದು ಎಂಬ ಪ್ರಶ್ನೆಗಳನ್ನು ಮಕ್ಕಳು ಕೇಳಿಯೇ ಕೇಳುತ್ತಾರೆ. ಅಂಗಡಿಯವನಿಗೆ ಅವುಗಳ ಉತ್ತರ ಕೈಯಲ್ಲಿ ಗೊತ್ತಿರುತ್ತದೆ, ಮಾತಿನಲ್ಲಿ ಹೇಳುವುದು ಎಷ್ಟೋ ಸಲ ಕಷ್ಟವಾಗುತ್ತದೆ. ಅವನ ಕೈಯ ತಿಳಿವಳಿಕೆಯನ್ನು ಪಾಠದ ಮಾತಿಗೆ ತರುವುದು ಶಿಕ್ಷಕರ ಕೆಲಸ, ಮತ್ತು ಆ ಕೆಲಸ ಭೇಟಿಯ ದಿನಕ್ಕಿಂತ ಮುಂಚೆಯೇ ಅವರಿಬ್ಬರೂ ಕುಳಿತು ಮಾತಾಡುವಲ್ಲಿಂದ ಆರಂಭವಾಗಬೇಕು.

ಊರಿನ ಕಸುಬನ್ನು ಶಾಲೆಗೆ ತರುವ ಮಾತು ಬಂದಾಗ ಜಾತಿಯ ಮಾತನ್ನು ಬದಿಗಿಡುವಂತಿಲ್ಲ. 1953ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಸಿ. ರಾಜಗೋಪಾಲಾಚಾರಿ ಗ್ರಾಮೀಣ ಪ್ರಾಥಮಿಕ ಶಾಲೆಗಳ ಅವಧಿಯನ್ನು ಅರ್ಧ ದಿನಕ್ಕೆ ಇಳಿಸಿ, ಉಳಿದ ಹೊತ್ತು ಮಕ್ಕಳು ತಂದೆಯ ಕಸುಬನ್ನು ಕಲಿಯಲೆಂಬ ಯೋಜನೆಯನ್ನು ತಂದರು. ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ ಆಗ ಆ ರಾಜ್ಯದ ಭಾಗವೇ ಆಗಿದ್ದವು. ಹೆಚ್ಚು ಮಕ್ಕಳಿಗೆ ಶಾಲೆಯನ್ನು ಒದಗಿಸುವುದು ಅದರ ಉದ್ದೇಶಗಳಲ್ಲೊಂದಾಗಿದ್ದರೂ, ಚಮ್ಮಾರನ ಮಗ ಚಮ್ಮಾರನಾಗಿಯೇ, ಅಗಸನ ಮಗ ಅಗಸನಾಗಿಯೇ ಉಳಿಯಲಿ ಎಂಬುದು ಅದರ ಫಲವಾಗುತ್ತದೆಂದು ಪೆರಿಯಾರ್ ಮೊದಲಾದವರು ಅದನ್ನು ‘ಕುಲಶಿಕ್ಷಣ’ವೆಂದು ಕರೆದು ತೀವ್ರವಾಗಿ ವಿರೋಧಿಸಿದರು. 1954ರಲ್ಲಿ ರಾಜಗೋಪಾಲಾಚಾರಿ ಅಧಿಕಾರದಿಂದ ಇಳಿದರು, ಅವರ ನಂತರ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ಆ ವಿರೋಧ ನ್ಯಾಯವಾದದ್ದಾಗಿತ್ತು, ಇಂದಿಗೂ ಅದರ ನೆನಪು ಬೇಕು. ಮಗು ತನ್ನ ಮನೆಯ ಕಸುಬನ್ನು ಕಲಿಯಲಿ ಎನ್ನುವುದಕ್ಕೂ, ಎಲ್ಲ ಮನೆಯ ಮಕ್ಕಳೂ ಎಲ್ಲ ಕಸುಬಿನ ಹಿಂದಿನ ವಿಜ್ಞಾನವನ್ನು ಮುಟ್ಟಿ ತಿಳಿಯಲಿ ಎನ್ನುವುದಕ್ಕೂ ಅಜಗಜಾಂತರವಿದೆ. ಗೌಡರ ಮಗನೂ ಚರ್ಮಕ್ಕೆ ಹೊಲಿಗೆ ಹಾಕಲು ಕೂರಬೇಕು, ಚಮ್ಮಾರರ ಮಗಳೂ ಭೂಮಿ ಅಳೆಯುವ ಸರಪಳಿ ಹಿಡಿಯಬೇಕು. ಕಸುಬುದಾರರು ಬಂದ ದಿನ ಅವರಿಗೆ ಕುರ್ಚಿ ಹಾಕಿ, ಹೆಸರಿನ ಮುಂದೆ ಶ್ರೀ, ಶ್ರೀಮತಿ ಸೇರಿಸಿ ಹಲಗೆಯ ಮೇಲೆ ಬರೆದು, ಬಿಸಿಯೂಟಕ್ಕೆ ಮಕ್ಕಳ ಪಂಕ್ತಿಯಲ್ಲಿಯೇ ಕೂರಿಸಿದಾಗ ಮಕ್ಕಳು ಕಲಿಯುವುದು ವಿಜ್ಞಾನಕ್ಕಿಂತ ದೊಡ್ಡದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೆಯ ತರಗತಿಯ ಮಕ್ಕಳಿಗೆ ಸೂಚಿಸಿರುವ ಹತ್ತು ಬ್ಯಾಗ್ ರಹಿತ ದಿನಗಳನ್ನು ಸ್ಥಳೀಯ ಬಡಗಿ, ಕುಂಬಾರ, ತೋಟಗಾರರೊಂದಿಗೆ ಕಳೆಯುವ ಯೋಜನೆಯನ್ನು ಜಾರಿಗೊಳಿಸುವವರಿಗೆ ಈ ಇತಿಹಾಸ ಗೊತ್ತಿರಲೇಬೇಕು.

ಊರಿನ ಆಚೆಯ ಸಂಸ್ಥೆಗಳ ಪಾಲೂ ಚಿಕ್ಕದಲ್ಲ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ 1972ರಲ್ಲಿ ಎರಡು ಸ್ವಯಂಸೇವಾ ಸಂಸ್ಥೆಗಳು ವಿಜ್ಞಾನಿಗಳ ಜೊತೆಗೂಡಿ ಆರಂಭಿಸಿದ ವಿಜ್ಞಾನ ಬೋಧನಾ ಕಾರ್ಯಕ್ರಮ, ಹಳ್ಳಿಯ ಮಕ್ಕಳು ಪ್ರಯೋಗ ಮಾಡಿಯೇ ವಿಜ್ಞಾನ ಕಲಿಯಬಲ್ಲರೆಂಬುದನ್ನು ಮೂರು ದಶಕ ತೋರಿಸಿಕೊಟ್ಟಿತು. ಹೂವನ್ನು ಬಿಡಿಸಿ ನೋಡಲು ಪ್ರಯೋಗಾಲಯದ ಸೂಜಿಯ ಬದಲು ಜಾಲಿಯ ಮುಳ್ಳನ್ನು ಬಳಸಿದ್ದು ಅಲ್ಲಿಯೇ. 1978ರಲ್ಲಿ ಅಲ್ಲಿಗೆ ಬಂದ ಇಂಜಿನಿಯರ್ ಅರವಿಂದ ಗುಪ್ತಾ ವಾರದ ಸಂತೆಯಲ್ಲಿ ಸಿಕ್ಕ ಸೈಕಲ್ಲಿನ ವಾಲ್ವ್ ಟ್ಯೂಬಿನ ತುಣುಕುಗಳಿಗೆ ಬೆಂಕಿಕಡ್ಡಿಗಳನ್ನು ಸಿಕ್ಕಿಸಿ ತ್ರಿಕೋನ, ಚೌಕ, ಘನಗಳನ್ನು ಕಟ್ಟುವ ವಿಧಾನವನ್ನು ರೂಪಿಸಿದರು. ಚೌಕವನ್ನು ಒತ್ತಿದರೆ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ ಎಂಬುದನ್ನು ಮಗು ಬೆರಳಿನಿಂದ ಒತ್ತಿಯೇ ಅರಿಯುತ್ತದೆ, ಮನೆಯ ಸೂರಿನ ಕಟ್ಟಿನಲ್ಲಿ ತ್ರಿಕೋನ ಏಕಿದೆಯೆಂದು ತಲೆಯೆತ್ತಿ ನೋಡುತ್ತದೆ. 2002ರಲ್ಲಿ ರಾಜ್ಯ ಸರ್ಕಾರದ ತೀರ್ಮಾನದಿಂದ ಆ ಕಾರ್ಯಕ್ರಮ ನಿಂತುಹೋದದ್ದು ದೇಶದ ಶಿಕ್ಷಣಕ್ಕೆ ಆದ ನಿಜವಾದ ನಷ್ಟ. 1999ರಲ್ಲಿ ಸ್ಥಾಪನೆಯಾಗಿ ಕರ್ನಾಟಕದ ಗಡಿಗೆ ಹೊಂದಿದ ಕುಪ್ಪಂನಲ್ಲಿ ನೆಲೆಯಿರುವ ಅಗಸ್ತ್ಯ ಪ್ರತಿಷ್ಠಾನ ವಿಜ್ಞಾನದ ಮಾದರಿಗಳನ್ನು ವಾಹನದಲ್ಲಿ ಹೇರಿಕೊಂಡು ಹಳ್ಳಿಯ ಶಾಲೆಗಳಿಗೆ ಒಯ್ಯುತ್ತದೆ. ಬೆಂಗಳೂರಿನ ಅಕ್ಷರ ಫೌಂಡೇಶನ್ನು ಸರ್ಕಾರಿ ಶಾಲೆಗಳ 4 ಮತ್ತು 5ನೆಯ ತರಗತಿಗಳಿಗೆ ಗಣಿತದ ಕಿಟ್ಟುಗಳನ್ನು ಕೊಟ್ಟಿದ್ದಲ್ಲದೆ, ಗ್ರಾಮ ಪಂಚಾಯತಿ ಮಟ್ಟದ ಗಣಿತ ಸ್ಪರ್ಧೆಗಳನ್ನು ಊರಿನವರ ಕೈಯಿಂದಲೇ ನಡೆಸಿಸಿದೆ. ಮಕ್ಕಳ ಲೆಕ್ಕವನ್ನು ತಂದೆತಾಯಿ ಎದುರಿಗೇ ಕೂತು ನೋಡುವ ಸಂದರ್ಭ ಅದರಿಂದ ಒದಗಿತು.

ಇಂಥ ನೆರವು ಹಲವು ಶಾಲೆಗಳಲ್ಲಿ ಬೀರುವಿನೊಳಗೇ ಉಳಿಯುವುದೂ ಉಂಟು. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕಾಗಿರುವುದರಿಂದ ಸಲಕರಣೆ ಬರುವುದು ಈಗ ಮೊದಲಿನಷ್ಟು ಕಷ್ಟವಲ್ಲ. ಆದರೆ ಬಂದ ಪ್ರತಿ ಲೆನ್ಸು, ಪ್ರತಿ ಅಯಸ್ಕಾಂತವೂ ದಾಸ್ತಾನು ವಹಿಯಲ್ಲಿ ದಾಖಲಾಗುತ್ತದೆ, ಒಡೆದರೆ ಮುಖ್ಯ ಶಿಕ್ಷಕರು ಉತ್ತರ ಹೇಳಬೇಕು, ಆದ್ದರಿಂದ ಬೀಗ ಬೀಳುತ್ತದೆ. ಇದರಲ್ಲಿ ಶಿಕ್ಷಕರ ತಪ್ಪನ್ನು ಹುಡುಕುವುದು ಅನ್ಯಾಯ. ಮಕ್ಕಳ ಕೈಗೆ ಕೊಟ್ಟ ವಸ್ತು ಸವೆಯುತ್ತದೆ, ಒಡೆಯುತ್ತದೆ ಎಂಬುದನ್ನು ಕೊಡುವವರೂ ಲೆಕ್ಕ ತಪಾಸಣೆ ಮಾಡುವವರೂ ಮೊದಲೇ ಒಪ್ಪಿಕೊಂಡು, ಒಡೆದದ್ದನ್ನು ತುಂಬಿಕೊಡುವ ಏರ್ಪಾಡನ್ನು ಒಪ್ಪಂದದಲ್ಲಿಯೇ ಸೇರಿಸಬೇಕು. ಸಂತೆಯ ಬೆಂಕಿಕಡ್ಡಿಗೂ ಜಾಲಿಯ ಮುಳ್ಳಿಗೂ ಈ ಭಯವಿಲ್ಲ.

ಎಲ್ಲಕ್ಕಿಂತ ಹತ್ತಿರದ ಪಾಲುದಾರರು ಶಾಲೆಯ ಅಡುಗೆಮನೆಯಲ್ಲಿಯೇ ಇದ್ದಾರೆ. ಬಿಸಿಯೂಟದ ನಿಯಮದಂತೆ 1ರಿಂದ 5ನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, 6ರಿಂದ 8ರವರೆಗಿನ ಮಗುವಿಗೆ 150 ಗ್ರಾಂ ಧಾನ್ಯ. ಬೆಳಗಿನ ಹಾಜರಿ 64 ಆದರೆ ಕಿರಿಯ ಪ್ರಾಥಮಿಕ ಶಾಲೆಯ ಅಡುಗೆಯವರು 6 ಕಿಲೊ 400 ಗ್ರಾಂ ಅಕ್ಕಿ ಅಳೆಯಬೇಕು. ಈ ಗುಣಾಕಾರವನ್ನು ದಿನಕ್ಕೊಂದು ತಂಡದ ಮಕ್ಕಳು ಮಾಡಿ, ತಕ್ಕಡಿಯಲ್ಲಿ ತೂಗಿ, ಅಡುಗೆಯವರಿಗೆ ಒಪ್ಪಿಸಿ, ಅವರು ಕಣ್ಣಳತೆಯಲ್ಲಿ ಹೇಳಿದ್ದಕ್ಕೂ ತಕ್ಕಡಿ ತೋರಿಸಿದ್ದಕ್ಕೂ ಇರುವ ವ್ಯತ್ಯಾಸವನ್ನು ಪುಸ್ತಕದಲ್ಲಿ ಬರೆದಿಟ್ಟರೆ, ತಿಂಗಳ ಕೊನೆಗೆ ದಶಮಾಂಶ, ಸರಾಸರಿ, ಅಂದಾಜುಗಳ ಪಾಠಕ್ಕೆ ಬೇರೆ ಉದಾಹರಣೆ ಹುಡುಕಬೇಕಾಗಿಲ್ಲ. ಒಲೆಯ ಹತ್ತಿರಕ್ಕೆ ಮಕ್ಕಳನ್ನು ಬಿಡುವಂತಿಲ್ಲವಾದ್ದರಿಂದ ತೂಕ ದಾಸ್ತಾನು ಕೋಣೆಯಲ್ಲಿಯೇ ಮುಗಿಯಬೇಕು. ಅಡುಗೆಯವರ ಕಣ್ಣಳತೆ ಎಷ್ಟು ನಿಖರವಾದದ್ದೆಂದು ಮಕ್ಕಳಿಗೆ ಗೊತ್ತಾಗುವುದೂ ಈ ಪಾಠದ ಒಂದು ಭಾಗ.

ಊರಿನಿಂದ ಶಾಲೆ ಪಡೆದದ್ದು ಊರಿಗೆ ಮರಳುವ ದಾರಿಯೂ ಕರ್ನಾಟಕದಲ್ಲಿ ಇದೆ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ತಮ್ಮ ಅಹವಾಲುಗಳನ್ನು ನೇರವಾಗಿ ಮುಂದಿಡಬಹುದು. ಶಾಲೆಯ ದಾರಿಯಲ್ಲಿ ನೀರು ನಿಲ್ಲುತ್ತದೆ ಎಂದು ಹೇಳುವ ಮಗುವಿಗೂ, ಮಳೆಗಾಲದ ಮೂರು ವಾರ ಪ್ರತಿದಿನ ಗುರುತು ಹಾಕಿದ ಕೋಲನ್ನು ನಿಲ್ಲಿಸಿ ಅಳೆದು, ಇಂತಿಷ್ಟು ದಿನ ಮೊಣಕಾಲಿನ ಮಟ್ಟಕ್ಕೆ ನೀರಿತ್ತೆಂದು ಪಟ್ಟಿ ಬರೆದು ತಂದು ಓದುವ ಮಗುವಿಗೂ ಸಭೆಯಲ್ಲಿ ಸಿಗುವ ಉತ್ತರ ಬೇರೆಯಾಗಿರುತ್ತದೆ. ಆ ಪಟ್ಟಿಯನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿ ನಡವಳಿ ಪುಸ್ತಕದಲ್ಲಿ ಬರೆಸಿಕೊಳ್ಳಬೇಕು, ಮುಂದಿನ ವರ್ಷದ ಸಭೆ ಆ ಪುಟವನ್ನು ಓದುವುದರಿಂದಲೇ ಆರಂಭವಾಗಬೇಕು. ಅಷ್ಟರಲ್ಲಿ ಚರಂಡಿ ಆಗಿದ್ದರೆ, ಅದೇ ಕೋಲನ್ನು ಅದೇ ಜಾಗದಲ್ಲಿ ನಿಲ್ಲಿಸಿ ಇನ್ನೊಂದು ಮಳೆಗಾಲ ಅಳೆಯುವ ಕೆಲಸ ಐದನೆಯ ತರಗತಿಯ ಹೊಸ ಮಕ್ಕಳ ಪಾಲಿಗೆ ಬರುತ್ತದೆ.